ರಿಜಿಸ್ಟರಿನ ಆರು ಗಂಟೆ

ಹನ್ನೊಂದು ವರ್ಷ ಚಾಕಿ ಮನೆಯಲ್ಲಿ ರೇಷ್ಮೆ ಹುಳ ಸಾಕಿದ ಶಿವಮ್ಮನನ್ನು ಮಾಲೀಕ ಶಿವರುದ್ರಸ್ವಾಮಿ ಒಂದು ಶನಿವಾರ ಬೆಳಿಗ್ಗೆ ಕೆಲಸದಿಂದ ಬಿಡಿಸಿದ. ಇನ್ನು ಮೇಲೆ ಎಲ್ಲವನ್ನೂ ಫೋನು ಹೇಳುತ್ತದೆ, ಹೇಳಿದ್ದನ್ನು ಮಾಡಲು ಇಬ್ಬರು ಸಾಕು ಎಂದ. ಆ ಫೋನಿನೊಳಗಿನ ಪ್ರೋಗ್ರಾಮನ್ನು ಬರೆದವಳು ಶಿವಮ್ಮನ ಮಗಳು ಮೀನಾ.

ಮೀನಾ ಆ ದಿನ ಊರಲ್ಲಿರಲಿಲ್ಲ. ಹೂಡಿಕೆದಾರರ ಮುಂದೆ ಕೈಚಾಚದೆ ಸ್ವಂತ ದುಡಿಮೆಯಲ್ಲೇ ಸಾಫ್ಟ್‌ವೇರ್ ಕಟ್ಟಿ ಮಾರುವವರ ಎರಡು ದಿನದ ಸಮಾವೇಶಕ್ಕೆಂದು ಕೊಯಮತ್ತೂರಿಗೆ ಹೋಗಿದ್ದಳು. ಸೋಮವಾರ ಸತ್ಯಮಂಗಲದ ಘಾಟಿ ಹತ್ತಿ, ಚಾಮರಾಜನಗರದಲ್ಲಿ ಬಸ್ಸು ಬದಲಿಸಿ, ಯಳಂದೂರಿನಲ್ಲಿಳಿದು ಕೇರಿಗೆ ನಡೆದು ಬಂದಾಗ ಮಧ್ಯಾಹ್ನ ಮೂರು ಗಂಟೆ. ಆ ಹೊತ್ತಿನಲ್ಲಿ ಚಾಕಿ ಮನೆಯಲ್ಲಿ ಸೊಪ್ಪು ಹೆಚ್ಚುತ್ತಿರಬೇಕಾದ ಅವ್ವ ಮನೆಯ ಮುಂದೆ ಮೊರ ಹಿಡಿದು ಹುರುಳಿ ಕೇರುತ್ತಿದ್ದಳು.

"ಯಾಕವ್ವ, ಮೈ ಉಸಾರಿಲ್ವಾ?"

"ನಾನು ಚೆನ್ನಾಗಿವ್ನಿ. ಅಲ್ಲಿ ಏನೇನ್ ಯೋಳ್ಕೊಟ್ರು, ಅದ ಯೋಳು ಮೊದ್ಲು," ಎಂದಳು ಶಿವಮ್ಮ.

ಉತ್ತರ ಕೊಟ್ಟವಳು ಜಗುಲಿಯ ಮೇಲಿದ್ದ ಅಜ್ಜಿ ಚಿಕ್ಕನಿಂಗಮ್ಮ. "ಅವ್ಳೇನ್ ಯೋಳಾಳು? ನೀ ಮಾಡ್ದ ಫೋನು ನಿಮ್ಮವ್ವನ ಕೆಲ್ಸವ ನುಂಗ್ಕತು ಕಣಮ್ಮಿ."

ಮೀನಾ ಹೆಗಲ ಚೀಲವನ್ನು ಕೆಳಗಿಡಲಿಲ್ಲ. ಅಜ್ಜಿ ಶನಿವಾರ ನಡೆದದ್ದನ್ನೆಲ್ಲ ಹೇಳಿ ಮುಗಿಸುವ ತನಕ ನಿಂತೇ ಇದ್ದಳು.

ಚಾಕಿ ಮನೆ ಅಂದರೆ ರೇಷ್ಮೆ ಹುಳದ ಬಾಣಂತಿ ಮನೆ. ಮೊಟ್ಟೆ ಒಡೆದು ಬಂದ ಇರುವೆಯಂಥ ಮರಿಗಳಿಗೆ ಎಳೆ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಿ, ಎರಡು ಜ್ವರ ದಾಟಿಸಿ ರೈತರಿಗೆ ಮಾರುತ್ತಾರೆ. ಹುಳ ಪೊರೆ ಬಿಡುವ ಮೊದಲು ತಲೆ ಎತ್ತಿ, ಹೆಚ್ಚುಕಡಿಮೆ ಒಂದು ದಿನ, ಅಲ್ಲಾಡದೆ ಕೂರುತ್ತದೆ. ಅದಕ್ಕೇ ಜ್ವರ ಅನ್ನುವುದು. ಜ್ವರಕ್ಕೆ ಕೂತಾಗ ಸುಣ್ಣದ ಪುಡಿ ಎರಚಿ ಸೊಪ್ಪು ನಿಲ್ಲಿಸಬೇಕು. ಹೆಚ್ಚುಕಡಿಮೆ ಎಲ್ಲವೂ ಎದ್ದ ಮೇಲೇ ಮತ್ತೆ ಸೊಪ್ಪು. ಆತುರಪಟ್ಟರೆ ಮೊದಲು ಎದ್ದವು ತಿಂದು ಬಲಿಯುತ್ತವೆ, ಹಿಂದೆ ಉಳಿದವು ಹಿಂದೆಯೇ ಉಳಿಯುತ್ತವೆ. ಆ ಹುಳ ತಗೊಂಡು ಹೋದ ರೈತನ ಮನೆಯಲ್ಲಿ ಅರ್ಧ ಹುಳ ತಿನ್ನುತ್ತಿರುವಾಗ ಇನ್ನರ್ಧ ಜ್ವರದಲ್ಲಿರುತ್ತವೆ. ಬೆಳೆ ಹೋದಂತೆಯೇ.

ಯಾವಾಗ ಸುಣ್ಣ, ಯಾವಾಗ ಸೊಪ್ಪು ಅನ್ನುವುದು ಶಿವಮ್ಮನ ಕಣ್ಣಲ್ಲಿತ್ತು. ಡಿಪ್ಲೊಮಾ ಮುಗಿಸಿದ ಮೀನಾ ಅವ್ವನನ್ನು ಕೇಳಿ, ಅವಳು ಸೊಪ್ಪು ಕೊಟ್ಟ ಹೊತ್ತು ಬರೆದಿಡುವ ರಿಜಿಸ್ಟರು ನೋಡಿ, ಹತ್ತು ತಿಂಗಳು ಕೂತು ಅದನ್ನು ಫೋನಿಗೆ ಇಳಿಸಿದಳು. ಮೊಟ್ಟೆ ಒಡೆದ ಹೊತ್ತು ಒತ್ತಿದರೆ ಸಾಕು, ಕೋಣೆಯ ಬಿಸಿ, ತೇವ ನೋಡಿ ಅದು ಲೆಕ್ಕ ಹಾಕಿ ಬಡಿದುಕೊಳ್ಳುತ್ತದೆ: ಸುಣ್ಣ ಹಾಕಿ, ಸೊಪ್ಪು ಕೊಡಿ. ಮೊದಲ ಗಿರಾಕಿ ಶಿವರುದ್ರಸ್ವಾಮಿ. ಅವನ ಮಾತಿನ ಮೇಲೆ ಕಾಮಗೆರೆಯವರು ತಗೊಂಡರು. ಆಮೇಲೆ ಹನೂರಿನವರು. ಮೀನಾಳ ಕಂಪನಿ ಅಂದರೆ ಈ ಮೂರು ಚಾಕಿ ಮನೆ, ಕಂತಿನಲ್ಲಿ ತಂದ ಒಂದು ಲ್ಯಾಪ್‌ಟಾಪು.

ರಾತ್ರಿ ಊಟಕ್ಕೆ ಕೂತಾಗ ಉಪ್ಪೆಸರಿನ ಬಟ್ಟಲು ಒಬ್ಬರಿಂದೊಬ್ಬರಿಗೆ ಸರಿಯಿತು. ಅಜ್ಜಿ ಮೊಮ್ಮಗಳ ಚೀಲದಿಂದ ಸಮಾವೇಶದ ಗುರುತಿನ ಚೀಟಿ ಹೊರಗೆಳೆದಳು. ಕೆಂಪು ಪಟ್ಟಿಗೆ ಕಟ್ಟಿದ ದಪ್ಪ ಕಾಗದ. ಮೀನಾಳ ಹೆಸರಿನ ಕೆಳಗೆ 'ಫೌಂಡರ್' ಎಂದಿತ್ತು.

"ಇದೇನಮ್ಮಿ, ಎತ್ತಿನ ಕತ್ಗೆ ಕಟ್ಟೋ ಗೊಂಡೆಯ ನಿಂಗ್ ಕಟ್ಟಿ ಕಳಿಸವ್ರೆ?"

"ಕಂಪನಿ ಸ್ಥಾಪನೆ ಮಾಡ್ದವ್ರು ಅಂತ ಕಣಜ್ಜಿ."

"ಅಂಗಾರೆ ಕೆಲ್ಸ ಕಳ್ಕಂಡವ್ರ್‌ಗೇನ್ ಕಟ್ತರೆ?"

ಶಿವಮ್ಮ ಅತ್ತೆಯ ತಟ್ಟೆಗೆ ಇನ್ನೊಂದು ತುತ್ತಿನಷ್ಟು ಮುದ್ದೆ ಹಾಕಿದಳು. "ಉಣ್ಣತ್ತೆ. ಬಾಯಿ ಖಾಲಿ ಇದ್ರೆ ಏನಾರ ಒಂದು ಬತ್ತದೆ."

"ನಾಳೆ ನಾನು ಓಗಿ ಕೇಳ್ತೀನಿ," ಎಂದಳು ಮೀನಾ.

ಅಪ್ಪ ನಾಗಯ್ಯ ಪಂಚಾಯ್ತಿಯ ನೀರುಗಂಟಿ. ಊರ ನಲ್ಲಿಗಳ ವಾಲ್ವು ತೆರೆದು ಮುಚ್ಚಿ ಇಪ್ಪತ್ತು ವರ್ಷದಲ್ಲಿ ಅವನು ಕಲಿತದ್ದು ಯಾರ ಜೊತೆಯೂ ಜಗಳ ಕಾಯದಿರುವುದನ್ನು. "ಏನಂತ ಕೇಳ್ತೀಯಾ? ಅವ್ರು ನಿನ್ ಮೊದಲ್ನೇ ಗಿರಾಕಿ. ಅವ್ರು ಬ್ಯಾಡ ಅಂದ್ರೆ ಕಾಮಗೆರೆನೂ ಓಯ್ತು, ಅನೂರೂ ಓಯ್ತು. ಕಂತು ಯಾರ್ ಕಟ್ಟಾರು? ಇಲ್ಲಿ ಒಂದು ಕೂಲಿ ಓಯ್ತು, ಅಷ್ಟೇ ಅನ್ಕೋ."

"ಅಷ್ಟೇನಾ ಅಪ್ಪ?"

"ಸುಮ್ಕಿರ್ರಿ ಇಬ್ರೂವೆ," ಎಂದಳು ಶಿವಮ್ಮ. "ಮೀನ, ನಂಗೆ ಪಾಠ ಬೇಕು. ಎರಡ್ ದಿನಕ್ಕೆ ಒಂದೇ ಒಂದ್ ಪಾಠಾನೂ ಇಲ್ವಾ?"

ಮೀನಾ ನೋಟ್‌ಬುಕ್ಕು ತೆರೆಯಲಿಲ್ಲ. ಬಾಯಲ್ಲೇ ಹೇಳಿದಳು: "ಮೊದಲ್ನೇದು, ಬೇರೆಯವ್ರ ದುಡ್ಡು ತಕಬ್ಯಾಡಿ ಅಂದ್ರು. ಕೊಟ್ಟೋರು ಯಜಮಾನ್ರಾಯ್ತರೆ ಅಂತ."

ಅಜ್ಜಿ ನಕ್ಕಳು. "ನಮ್‌ಗ್ ಯಾವನ್ ಕೊಡಕ್ ಬಂದಿದ್ದ, ಬ್ಯಾಡ ಅನ್ನಕೆ?"

ಶಿವಮ್ಮ ನಗಲಿಲ್ಲ. "ದುಡ್ ಕೊಡ್ದೇನೂ ಯಜಮಾನ್ರು ಆದೋರವ್ರೆ. ಅವ್ರ್ ವಿಚಾರ ಏನಾರ ಯೋಳಿದ್ರಾ?"

"ಇಲ್ಲ."

"ಅಂಗಾರೆ ಆ ಪಾಠ ಅರ್ಧ. ನಾಳೆ ಇನ್ನೊಂದ ಯೋಳು."

ಮಾರನೆಯ ದಿನ ಮೀನಾ ಶಿವರುದ್ರಸ್ವಾಮಿಯ ಮನೆಗೆ ಹೋದಳು. ಅವನು ಜಗುಲಿಯ ಕುರ್ಚಿಯಲ್ಲಿದ್ದ, ಅವಳು ಅಂಗಳದಲ್ಲಿ ನಿಂತಳು. ಚಾಕಿ ಮನೆಯೊಳಕ್ಕೆ ಹೋಗಬೇಕಾದರೆ ಯಾರೇ ಆದರೂ ಕಾಲು ತೊಳೆದು, ಬ್ಲೀಚಿಂಗ್ ಪುಡಿ ತುಳಿದು ಹೋಗಬೇಕು. ಶಿವಮ್ಮ ಹನ್ನೊಂದು ವರ್ಷ ತೊಳೆದ ಕಾಲು ಹುಳಕ್ಕೆ ಸಾಕಾಗಿತ್ತು. ಆ ಜಗುಲಿಗೆ ಸಾಕಾಗಿರಲಿಲ್ಲ.

"ನಾನೇನ್ ತಪ್ಪು ಮಾಡ್ದೆ ಮೀನಾ?" ಶಿವರುದ್ರಸ್ವಾಮಿ ನಿಜವಾಗಿಯೂ ತಿಳಿಯದವನಂತೆ ಕೇಳಿದ. "ಮಾರಕ್ ಬಂದಾಗ ನೀನೇ ಅಂದ್ಯಲ್ಲ, ಇದು ಇದ್ರೆ ಯಾರು ಬೇಕಾದ್ರೂ ಹುಳ ಸಾಕ್ಬೋದು ಅಂತ. ನಿನ್ ಮಾತು ನಂಬಿ ಮಾಡ್ದೆ. ಈಗ ನಿನ್ ಮಾತು ಸುಳ್ಳು ಅಂತೀಯಾ?"

ಮೀನಾ ಹಾಗೆ ಹೇಳಿದ್ದು ಹೌದು. ವಾಪಸ್ಸು ಬಂದಳು.

ಶಿವಮ್ಮ ಅರಿಸಿನದ ಹೊಲಕ್ಕೆ ಕಳೆ ತೆಗೆಯಲು ಹೋಗತೊಡಗಿದಳು. ಕೂಲಿ ವಾರಕ್ಕೆ ಮೂರು ದಿನ ಸಿಕ್ಕರೆ ಹೆಚ್ಚು. ಭಾನುವಾರದ ಕೋಳಿ ನಿಂತು ಒಣಮೀನಾಯಿತು, ಆಮೇಲೆ ಅದೂ ಹೋಗಿ ಹುರುಳಿ ಬಸ್ಸಾರಾಯಿತು. ಬೆಳಗಿನ ನೀರು ತುಂಬುವುದು ಮೊದಲು ಮೀನಾಳ ಪಾಲಿಗಿತ್ತು. ಈಗ ಅವ್ವ ಅವಳನ್ನು ಎಬ್ಬಿಸದೆ ತಾನೇ ತುಂಬುತ್ತಿದ್ದಳು. ಅದನ್ನು ಕಂಡು ಮೀನಾಳಿಗೆ ಬೈಸಿಕೊಂಡದ್ದಕ್ಕಿಂತ ಹೆಚ್ಚು ನೋವಾಗುತ್ತಿತ್ತು. ಒಂದು ಬೆಳಿಗ್ಗೆ ಬಿಂದಿಗೆ ಕಿತ್ತುಕೊಂಡಳು.

"ನನ್ನ ಬಯ್ಯವ್ವ ಒಂದ್ ಸಲ."

"ಯಾಕ್ ಬೈಲಿ? ಇನ್ನೊಂದ್ ಪಾಠ ಯೋಳು ಅಂದ್ರೆ ಮೊಕ ಮುಚ್ಕಂಡ್ ಕೂತಿದ್ದೀ."

ನಲ್ಲಿಯ ಮುಂದೆ ಬಿಂದಿಗೆ ಸಾಲಿನಲ್ಲಿ ನಿಂತು ಮೀನಾ ಹೇಳಿದಳು: "ಅಲ್ಲಿ ಈರೋಡಿನ ಕಡೆಯ ಹೆಂಗಸು ಒಬ್ರು ಸಿಕ್ಕಿದ್ರು. ಪವರ್‌ಲೂಮಿನವ್ರಿಗೆ ಪ್ರೋಗ್ರಾಮ್ ಮಾಡ್ಕೊಡ್ತಾರೆ. ನಮ್ದು ತೋರಿಸ್ದೆ. ಎಲ್ಲಾ ನೋಡಿ, 'ನಿನ್ನ ಹುಳ ಯಾವಾಗ್ಲೂ ಬೆಳಿಗ್ಗೆ ಆರಕ್ಕೇ ಜ್ವರದಿಂದ ಏಳ್ತವಾ?' ಅಂದ್ರು. ಆರು, ಆರೂ ಐದು, ಆರೂ ಹತ್ತು, ಅದ್ರಾಚೆ ಓಗಲ್ಲ ಅಂದೆ. 'ನನ್ನ ಮಗ್ಗದಲ್ಲಿ ನೂಲು ಕೂಡ ಇಷ್ಟು ನೇಮದಲ್ಲಿ ಕಡಿಯಲ್ಲ. ನಿನ್ನ ಹುಳ ಗಡಿಯಾರ ಕಟ್ಕೊಂಡವಾ?' ಅಂತ ನಕ್ರು."

ಶಿವಮ್ಮ ಬಿಂದಿಗೆಯನ್ನು ನಲ್ಲಿಗೆ ಒಡ್ಡಿ ಮಗಳ ಮುಖ ನೋಡಿದಳು. "ಆಮೇಲೆ?"

"ಆಮೇಲೆ ವೇದಿಕೆ ಮೇಲೆ ಒಬ್ರು ಅಂದ್ರು. ಗಿರಾಕಿ ಬಾಯಲ್ಲಿ ಯೋಳದ್ನ ಕೇಳ್ಕಂಡು ಮನೆಗ್ ಬರಬ್ಯಾಡ, ಅವ್ರ ಕೈ ಏನ್ ಮಾಡ್ತದೆ ಅಂತ ಪಕ್ಕದಲ್ಲಿ ಕೂತು ನೋಡು."

"ಇದು ಪಾಠ," ಎಂದಳು ಶಿವಮ್ಮ. "ಓಗಿ ನೋಡು."

ಮೂರನೇ ವಾರ ಚಾಕಿ ಮನೆಯಲ್ಲಿ ಇನ್ನೂ ಕೆಲಸಕ್ಕಿದ್ದ ರಾಚಮ್ಮ ಸಂಜೆ ಬಂದು ಸುದ್ದಿ ಹೇಳಿದಳು. ಟ್ರೇಗಳಲ್ಲಿ ಹುಳ ಏರುಪೇರಾಗಿವೆ. ಹಿಂದಿನ ತಂಡದ ಹುಳ ಕೊಂಡುಹೋದ ನಾಲ್ವರು ರೈತರು ಗೇಟಿನ ಮುಂದೆ ಕೂಗಾಡಿ ಹೋಗಿದ್ದಾರೆ. "ಫೋನ್ ಯೋಳ್ದಂಗೇ ಮಾಡ್ತಿವಿ ಕಣಕ್ಕಾ. ಆರಕ್ ಬಡ್ಕತದೆ, ಆರಕ್ಕೇ ಸೊಪ್ಪು ಆಕ್ತಿವಿ. ಈಗ ಸ್ವಾಮ್ಯೋರು ಬಾಗ್ಲಲ್ಲೇ ನಿಂತಿರ್ತರೆ."

ಶಿವಮ್ಮ ಅವಳಿಗೆ ಎಲೆಯಡಿಕೆ ಕೊಟ್ಟಳು. ಗೋಡೆಗೆ ಒರಗಿದ್ದ ಮೀನಾ ನೆಟ್ಟಗೆ ಕೂತಳು. ಅದೇ ಪ್ರೋಗ್ರಾಮು ಎಂಟು ತಿಂಗಳು ಅದೇ ಮನೆಯಲ್ಲಿ ಒಂದು ಟ್ರೇ ಕೆಡಿಸಿರಲಿಲ್ಲ. ಕಾಮಗೆರೆಯಲ್ಲಿ, ಹನೂರಿನಲ್ಲಿ ಈಗಲೂ ಕೆಡಿಸುತ್ತಿಲ್ಲ. ಇಲ್ಲಿ ಮಾತ್ರ ಯಾಕೆ?

ಮರುದಿನ ಕೊಳ್ಳೇಗಾಲಕ್ಕೆ ಹೋಗಿ, ಅಲ್ಲಿಂದ ಹನೂರು ಬಸ್ಸು ಹತ್ತಿ ಕಾಮಗೆರೆಯಲ್ಲಿಳಿದಳು. ಆ ರಾತ್ರಿ ಅಲ್ಲೇ ಉಳಿದು, ಬೆಳಗಿನ ಐದೂವರೆಗೆ ಕಾಲು ತೊಳೆದು ಚಾಕಿ ಮನೆಯೊಳಗೆ ಮೂಲೆಯಲ್ಲಿ ಕೂತಳು. ಅಲ್ಲಿ ಹುಳ ನೋಡುವವಳು ಚೆಲುವಮ್ಮ, ಅರವತ್ತು ದಾಟಿದವಳು. ಸರಿಯಾಗಿ ಆರಕ್ಕೆ ಫೋನು ಬಡಿದುಕೊಂಡಿತು. ಚೆಲುವಮ್ಮ ಬಂದಳು. 'ಕೊಟ್ಟಾಯ್ತು' ಅನ್ನುವ ಹಸಿರು ಗುಂಡಿ ಒತ್ತಿದಳು. ಮತ್ತೆ ಹೋಗಿ ಗೋಣಿಯ ಮೇಲೆ ಕೂತು ಕಾಲು ನೀಡಿದಳು. ಒಂದೆಲೆ ಸೊಪ್ಪನ್ನೂ ಕೊಟ್ಟಿರಲಿಲ್ಲ.

"ಅಜ್ಜಿ, ಒತ್ತುಬುಟ್ರಲ್ಲ?"

"ಬಡ್ಕತದಲ್ಲವ್ವ. ಒತ್ತುದ್ರೆ ಸುಮ್ಕಾಯ್ತದೆ."

"ಸೊಪ್ಪು?"

"ಇನ್ನೂ ಮನಗವೆ ನೋಡು. ಎದ್ ಮ್ಯಾಲೆ ಕೊಡದು."

ಸೊಪ್ಪು ಕೊಟ್ಟಾಗ ಒಂಬತ್ತು ಗಂಟೆ ಹತ್ತಿರವಾಗಿತ್ತು. ಮೀನಾ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲು ಹೋಗಿ, ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದಳು.

ಅಂದು ರಾತ್ರಿ ಮನೆಗೆ ಮರಳಿ, ಮುದ್ದೆ ಮುರಿಯುವ ಮೊದಲೇ ಕೇಳಿದಳು. "ಅವ್ವ, ನಿಜ ಯೋಳು. ಆರು ಗಂಟೆಗೆ ಸೊಪ್ಪು ಕೊಡ್ತಿದ್ಯಾ?"

ಶಿವಮ್ಮನಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಅಡ್ಡ ಹಿಡಿದಳು. "ಯಾವತ್ತೂ ಇಲ್ಲ ಕಣಮ್ಮಿ. ಒಂದಿನ ಎಂಟು, ಒಂದಿನ ಒಂಬತ್ತೂವರೆ. ಚಳಿ ಬಿದ್ರೆ ಅತ್ತೂ ಆಯ್ತದೆ."

"ರಿಜಿಸ್ಟರಲ್ಲಿ ಆರು ಅಂತದೆ. ಮುನ್ನೂರು ದಿನವೂ ಆರು ಅಂತದೆ."

"ಸ್ವಾಮ್ಯೋರು ಆರಕ್ ಕೊಡ್ಬೇಕು ಅಂತಿದ್ರು. ರೈತ್ರ ಗಾಡಿ ಬತ್ತವೆ, ಬಿರ್‍ರನೆ ಆಗ್ಲಿ ಅಂತ. ಉಳ ಎದ್ದಿಲ್ಲ ಅಂದ್ರೆ ಬೈಯ್ಯರು. ಎರಡ್ ವರ್ಸ ಬೈಸ್ಕಂಡೆ. ಆಮೇಲೆ ಹೂಂ ಅಂದೆ. ಆರು ಅಂತ ಬರ್ದೆ. ಉಳ ಎದ್ ಮ್ಯಾಲೆ ಕೊಟ್ಟೆ. ಅವ್ರಿಗೂ ಸಮಾಧಾನ, ಉಳಕ್ಕೂ ಸಮಾಧಾನ."

"ಮತ್ತೆ ನನ್ ಫೋನು?"

"ಅದೂ ಸ್ವಾಮ್ಯೋರ ಥರಾನೇ ಆರಕ್ಕೇ ಬಡ್ಕತಿತ್ತು. ಅದ್ಕೂ ಹೂಂ ಅಂದೆ."

ನಾಗಯ್ಯ ತಲೆಯಾಡಿಸಿದ. "ನಾನೂ ಅಂಗೇ. ಪಂಚಾಯ್ತಿ ಪುಸ್ತಕದಲ್ಲಿ ಎಲ್ಲಾ ಬೀದಿಗೂ ಒಂದೊಂದ್ ಗಂಟೆ ನೀರು. ನಮ್ ಬೀದಿಗೆ ಪೈಪು ಸಣ್ಣದು, ಎರಡ್ ಗಂಟೆ ಬುಡ್ತೀನಿ. ಪುಸ್ತಕದಲ್ಲಿ ಒಂದೇ."

"ನಂಗ್ಯಾಕ್ ಯೋಳ್ನಿಲ್ಲವ್ವ?" ಮೀನಾ ತಟ್ಟೆ ಪಕ್ಕಕ್ಕೆ ಸರಿಸಿದಳು. "ನಾನು ನಿನ್ ಮಗಳು."

"ನೀನು ಜ್ವರ ಎಂಗ್ ಕೂರ್ತವೆ, ಮೈ ಎಂಗ್ ಒಳೀತದೆ, ಎಲ್ಲಾ ಕೇಳ್ದೆ. ಯೋಳ್ದೆ. ಎಷ್ಟೊತ್ಗೆ ಸೊಪ್ಪು ಅಂತ ಮಾತ್ರ ಕೇಳ್ನಿಲ್ಲ. ರಿಜಿಸ್ಟರ್ ಪೋಟ ಹಿಡ್ಕಂಡೆ. ಬರ್ದಿರದ್ನ ನಂಬ್ದೆ ನೀನು." ಶಿವಮ್ಮ ಮಗಳ ತಟ್ಟೆಗೆ ಸಾರು ಬಿಟ್ಟಳು. "ಓದ್ದೋಳಲ್ವಾ."

ಅಜ್ಜಿ ತಟ್ಟೆಯಿಂದ ತಲೆ ಎತ್ತಿದಳು. "ಅಂಗಾರೆ ಆ ಫೋನಿಗೆ ಏನೂ ಗೊತ್ತಿಲ್ಲ ಅಂತಾಯ್ತು. ನಿಮ್ಮವ್ವನ ಕೆಲ್ಸ ತಿಂದ್‌ಬುಟ್ಟು ಸುಮ್ಕೆ ಕೂತದೆ."

ಇದಾದ ನಾಲ್ಕನೇ ದಿನ ಶಿವರುದ್ರಸ್ವಾಮಿ ತಾನೇ ಕೇರಿಗೆ ಬಂದ. ಬುಲೆಟ್ಟನ್ನು ರಸ್ತೆಯಲ್ಲೇ ನಿಲ್ಲಿಸಿ ಮನೆಯ ಮುಂದಿನ ಹೊಂಗೆ ಮರದ ನೆರಳಿಗೆ ಬಂದು ನಿಂತ. ಕೈಯಲ್ಲಿ ಚಾಕಿ ಮನೆಯ ಫೋನಿತ್ತು. ನಾಗಯ್ಯ ಒಳಗಿನಿಂದ ಕುರ್ಚಿ ತಂದಿಟ್ಟ. ಅವನು ಕೂರಲಿಲ್ಲ.

"ನೀರ್ ಕುಡೀರಿ ಬುದ್ದಿ," ಅಜ್ಜಿ ಚೊಂಬು ಹಿಡಿದು ಬಂದಳು.

"ಈಗ ಕುಡ್ದೇ ಬಂದೆ."

"ಬ್ಯಾಸ್ಗೆ. ಇನ್ನೊಂದ್ಸಲ ಕುಡೀಬೋದು," ಎಂದು ಅಜ್ಜಿ ಚೊಂಬನ್ನು ಕುರ್ಚಿಯ ಮೇಲಿಟ್ಟಳು. ಅದು ಅಲ್ಲೇ ಉಳಿಯಿತು.

ಶಿವರುದ್ರಸ್ವಾಮಿ ಸುತ್ತಿ ಬಳಸಲಿಲ್ಲ. "ಎರಡು ತಂಡ ಕೆಟ್ಟೋಗವೆ. ಶಿವಮ್ಮ ಆರು ಅಂತ ಬರ್ದು ಒಂಬತ್ತಕ್ಕೆ ಕೊಡ್ತಿದ್ಲಂತೆ, ರಾಚಮ್ಮನ ಬಾಯಿ ಬಿಡಿಸ್ದೆ. ಓಗ್ಲಿ, ಹಳೇದು ಬೇಡ. ಶಿವಮ್ಮ ಒಂದ್ ವಾರ ಬರ್ಲಿ. ಕುರ್ಚಿ ಹಾಕಿಸ್ತೀನಿ. ಕೆಲ್ಸ ಮುಟ್ಟದ್ ಬೇಡ. ಹುಳ ನೋಡಿ ಈಗ ಸುಣ್ಣ, ಈಗ ಸೊಪ್ಪು ಅಂತ ಬಾಯಲ್ಲಿ ಯೋಳ್ತಾ ಇರ್ಲಿ. ಮೀನಾ ಪಕ್ಕದಲ್ಲಿ ಕೂತು ಬರ್ಕೊಂಡು ಫೋನಿಗೆ ಹಾಕ್ಲಿ. ಒಂದೂವರೆ ಕೂಲಿ ಕೊಡ್ತೀನಿ."

"ವಾರ ಆದ್ಮೇಲೆ?" ಶಿವಮ್ಮ ಕೇಳಿದಳು.

"ಆದ್ಮೇಲೆ ಫೋನಿಗೆ ಗೊತ್ತಾಯ್ತದಲ್ಲ."

ಮೀನಾ ಜಗುಲಿಯಿಂದ ಕೆಳಗಿಳಿದಳು. "ಗೊತ್ತಾಗಲ್ಲ ಸರ್. ಚಳಿಗೆ ಒಂದು, ಮೋಡಕ್ಕೆ ಒಂದು. ಒಂದು ವಾರದ ಮಾತಲ್ಲ. ಅವ್ವನ್ನ ಕೆಲಸಕ್ಕೆ ಕರೀರಿ. ಫೋನು ಅವಳ ಕೈಕೆಳಗಿರ್ಲಿ."

"ಯಾರ್ನ ಇಟ್ಕೋಬೇಕು, ಯಾರ್ನ ಬಿಡ್ಬೇಕು ಅನ್ನದು ನಿನ್ ಪ್ರೋಗ್ರಾಮಲ್ಲ." ಅವನ ದನಿ ಏರಲಿಲ್ಲ. "ಕಾಮಗೆರೆಯವ್ರು ನನ್ ಭಾವ್ಮೈದ. ಹನೂರಿನವ್ರು ನನ್ ಸ್ನೇಹಿತ್ರು. ನಾನು ಒಂದ್ ಫೋನ್ ಮಾಡ್ದ್ರೆ ನಾಳೆಯಿಂದ ನಿನ್ ಕಂಪನಿ ಇಲ್ಲ. ನಾಳೆ ಹೊಸ ಮೊಟ್ಟೆ ಒಡೀತವೆ. ಆರಕ್ಕೆ ಇಬ್ರೂ ಬನ್ನಿ. ಶಿವಮ್ಮ ಯೋಳ್ಲಿ, ನೀನು ಬರ್ಕೊ."

ನಾಗಯ್ಯ ಮಗಳ ಹತ್ತಿರ ಸರಿದ. "ಕಂತು ಅದೆ ಮಗ. ಬರ್ಕೊ."

ಶಿವಮ್ಮ ಮಗಳ ತೋಳು ಹಿಡಿದು ಮನೆಯ ಬಾಗಿಲ ತನಕ ಎಳೆದೊಯ್ದಳು. ದನಿ ಇಳಿಸಿದಳು. ಅವಳ ಕಣ್ಣಲ್ಲಿ ಭಯವಿರಲಿಲ್ಲ, ಹಳೆಯ ಕಸುಬಿನ ಹೊಳಪಿತ್ತು. "ಹೂಂ ಅಂದ್‌ಬುಡಮ್ಮಿ. ನಾನ್ ಯೋಳ್ತೀನಿ. ಎಂಟಕ್ಕೆ ಕೊಡಾದ್ರೆ ಏಳು ಅಂತೀನಿ, ಒಂಬತ್ತಾದ್ರೆ ಎಂಟು ಅಂತೀನಿ. ನೀನು ಅದನ್ನೇ ಬರ್ಕೊ. ಇನ್ನೆರಡ್ ತಂಡ ಕೆಡ್ಲಿ, ತಾವಾಗೇ ಕರೀತರೆ. ಹೂಂ ಅನ್ನಕೇನು ಕಾಸ್ ಕೊಡ್ಬೇಕಾ?"

ಮೀನಾ ಅವ್ವನ ಕೈಯನ್ನು ನೋಡಿದಳು. ಅರಿಸಿನದ ಹೊಲದ ಮಣ್ಣು ಉಗುರಿನ ಸಂದಿಯಲ್ಲಿ ಕೂತಿತ್ತು. ಹನ್ನೊಂದು ವರ್ಷ ಆ ಕೈ ಸರಿಯಾದದ್ದನ್ನೇ ಮಾಡಿತ್ತು, ಆ ಬಾಯಿ ಮಾತ್ರ ಒಂಬತ್ತು ವರ್ಷ ಹೂಂ ಎನ್ನುತ್ತಲೇ ಇತ್ತು. ಆ ಹೂಂ ಒಂದೇ ರಿಜಿಸ್ಟರಿನಲ್ಲಿ ಉಳಿದದ್ದು.

"ಉಳ ಸಾಯ್ತವಲ್ಲವ್ವ."

ಶಿವಮ್ಮನ ಮುಖದ ಹೊಳಪು ಇಳಿಯಿತು. ಅವಳು ಅದನ್ನು ಯೋಚಿಸಿರಲಿಲ್ಲ. ಅಥವಾ ಯೋಚಿಸಿಯೂ ಹೇಳಿದ್ದಳು.

"ಇನ್ನೂ ಏನ್ ಗುಸುಗುಸು?" ಶಿವರುದ್ರಸ್ವಾಮಿ ಮರದ ಕೆಳಗಿನಿಂದ ಕೇಳಿದ. "ನಾಳೆ ಆರಕ್ಕೆ. ಆಯ್ತಲ್ಲ?"

ಮೀನಾ ಅಂಗಳ ದಾಟಿ ಅವನೆದುರು ಬಂದಳು. ಕುರ್ಚಿಯ ಮೇಲಿದ್ದ ಚೊಂಬು ತೆಗೆದು ಅಜ್ಜಿಯ ಕೈಗೆ ಕೊಟ್ಟಳು. ಖಾಲಿಯಾದ ಕುರ್ಚಿಯಲ್ಲಿ ತಾನು ಕೂತಳು. ನಾಗಯ್ಯ ಒಂದು ಹೆಜ್ಜೆ ಮುಂದೆ ಬಂದು ನಿಂತುಬಿಟ್ಟ.

"ಇಲ್ಲ ಸರ್," ಎಂದಳು. "ಬರ್ಕೊಳ್ಳಲ್ಲ."